ಎರಡನೆಯ ಹೆಸರು

ಜನವರಿಯ ಆ ಗುರುವಾರ ಅಂಗಡಿಯೊಳಗೆ ಬಂದವನು ಒದ್ದೆ ಕೋಟನ್ನೂ ಬಿಚ್ಚದೆ ಹೇಳಿದ.

"ನ್ಯೂಯಾರ್ಕಿಗೆ ಹಡಗಿನಲ್ಲಿ ಹೋಗ್ಬೇಕು. ಇಬ್ಬರಿಗೆ. ನಾನು, ಮತ್ತೆ ಮಾಬೆಲ್."

ರೊವೀನಾ ಟಿಲ್ ತಲೆ ಎತ್ತಲಿಲ್ಲ. ಸೌತಾಂಪ್ಟನ್ನಿನ ಶರ್ಲಿ ಬೀದಿಯ ಈ ಪುಟ್ಟ ಟ್ರಾವೆಲ್ ಏಜೆನ್ಸಿಯಲ್ಲಿ ಕೂತ ಎಂಟು ವರ್ಷದಲ್ಲಿ, ಗಿರಾಕಿಯ ಮುಖ ನೋಡದೆ ಫಾರಂ ತುಂಬುವ ವಿದ್ಯೆ ಅವಳಿಗೆ ಚೆನ್ನಾಗಿ ಕೈ ಹತ್ತಿತ್ತು. ಮುಖ ನೋಡಿದರೆ ಕೆನ್ನೆ ಕೆಂಪೇರುತ್ತಿತ್ತು. ಕೆನ್ನೆ ಕೆಂಪೇರಿದರೆ ಪಕ್ಕದ ಮೇಜಿನ ಪೌಲಿನ್, ಅಂಗಡಿಯ ಒಡತಿ, ಇಡೀ ದಿನ ಆಡಿಕೊಳ್ಳುತ್ತಿದ್ದಳು.

"ಮೊದಲನೇ ಹೆಸರು ಸರ್?"

"ಗ್ಯಾರೆತ್ ಪ್ರೋಸರ್."

"ಎರಡನೇದು ಮಾಬೆಲ್ ಪ್ರೋಸರ್." ಅವಳ ಬೆರಳು ಟಕಟಕ ಓಡಿತು. "ವಿಮಾನ ಬೇಡವಾ?"

"ಅವಳಿಗೆ ವಿಮಾನ ಆಗಲ್ಲ. ಉಸಿರು ಕಟ್ಟುತ್ತೆ. ಹಾರ್ಟೂ ವೀಕು. ವಯಸ್ಸಾಯ್ತು."

"ಅಯ್ಯೋ ಪಾಪ. ಮೇಡಂಗೆ ಗಾಲಿಕುರ್ಚಿ ಹೇಳಿಡ್ಲಾ?"

"ನಡೀತಾಳೆ. ಮೆಟ್ಟಿಲು ಮಾತ್ರ ಹತ್ತಲ್ಲ. ಎತ್ಕೋಬೇಕು."

"ನೀವೇ... ಎತ್ಕೋತೀರಾ?"

"ಮತ್ತಿನ್ಯಾರು? ಇನ್ನೊಂದು ವಿಷ್ಯ. ಸಿಕ್ಕಾಪಟ್ಟೆ ಗೊರಕೆ ಹೊಡೀತಾಳೆ. ಪಕ್ಕದ ಕ್ಯಾಬಿನ್ನಿನವರಿಗೆ ಮೊದಲೇ ಹೇಳ್ಬಿಟ್ರೆ ಒಳ್ಳೇದು."

ಹೆಂಡತಿಯ ವಿಷಯ ಹೀಗೆ ಮಾತಾಡುವ ಗಂಡಸು ಯಾವನಪ್ಪ ಅಂತ ರೊವೀನಾ ಕೊನೆಗೂ ತಲೆ ಎತ್ತಿದಳು. ನಲವತ್ತರ ಆಸುಪಾಸು. ಮಳೆಗೆ ನೆನೆದ ಕೂದಲು, ಕಿವಿಯ ಬಳಿ ಒಂದೆಳೆ ಬಿಳಿ. ನಗುವನ್ನು ಹಿಡಿದು ಕೂರಿಸಿಕೊಂಡಿದ್ದ ಎರಡು ಕಣ್ಣು. ಅಷ್ಟರಲ್ಲಿ ಮೇಜಿನ ಕೆಳಗೆ ಅವಳ ಕಾಲಿಗೆ ಏನೋ ತಣ್ಣಗೆ, ಒದ್ದೆಯಾಗಿ ಒತ್ತಿತು. ಅವಳು ಕಿಟಾರನೆ ಕಿರುಚಿದಳು.

ಚಪ್ಪಟೆ ಮೂತಿಯ, ಜೋಲುಗೆನ್ನೆಯ ಮುದಿ ಬುಲ್‌ಡಾಗ್ ಅವಳನ್ನೇ ನೋಡುತ್ತ ಬಾಲವಿಲ್ಲದ ಹಿಂಭಾಗವನ್ನು ಅಲ್ಲಾಡಿಸುತ್ತಿತ್ತು.

"ಮಾಬೆಲ್, ಮೇಡಂಗೆ ಹಲೋ ಹೇಳು," ಅಂದ ಅವನು.

ಪೌಲಿನ್ ಟೀ ಕಪ್ಪು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. "ಗಾಲಿಕುರ್ಚಿ ಹೇಳಿಡ್ಲಾ ಅಂತೆ! ನಾಯಿಗೆ! ಏನ್ ಹುಡುಗೀನೇ ನೀನು!"

ರೊವೀನಾ ಎರಡನೆಯ ಹೆಸರನ್ನು ಒಂದೊಂದೇ ಅಕ್ಷರ ಅಳಿಸಿದಳು. ಕೆನ್ನೆಯ ಕೆಂಪು ಸಂಜೆಯವರೆಗೂ ಆರಲಿಲ್ಲ.

*

"ಮನುಷ್ಯರಿಗೆ ಜಾಗ ಯಾವಾಗ ಬೇಕಾದ್ರೂ ಸಿಗುತ್ತೆ ಸರ್," ಎಂದು ಅವಳು ಮೆಲ್ಲಗೆ ತಿಳಿಸಿ ಹೇಳಿದಳು. "ನಾಯಿಗೇ ಕಷ್ಟ. ಮೇಲಿನ ಡೆಕ್ಕಿನಲ್ಲಿ ನಾಯಿಗೂಡು ಇರೋದೇ ಇಪ್ಪತ್ತು ಚಿಲ್ಲರೆ. ಪಟ್ಟಿಯಲ್ಲಿ ಹೆಸರು ಹಾಕಿ ಒಂದೂವರೆ ವರ್ಷ ಕಾಯ್ತಾರೆ ಜನ."

"ಒಂದೂವರೆ ವರ್ಷ!" ಅವನು ನಾಯಿಯ ಕಡೆ ನೋಡಿದ. "ಅವಳಿಗೆ ಹನ್ನೊಂದಾಯ್ತು."

ಆಮೇಲೆ ಅವನೇ ಎಲ್ಲ ಹೇಳಿದ. ಪಿಯಾನೊ ಶ್ರುತಿ ಮಾಡುವುದು ಅವನ ಕೆಲಸ. ಬಂದರಿಗೆ ಬಂದು ನಿಂತ ಹಡಗುಗಳಿಗೆ ಬೆಳಿಗ್ಗೆ ಹತ್ತಿ, ಒಳಗಿನ ಪಿಯಾನೊಗಳ ತಂತಿ ಬಿಗಿದು, ಮಧ್ಯಾಹ್ನ ಹೊಸ ಪ್ರಯಾಣಿಕರು ಬರುವ ಹೊತ್ತಿಗೆ ಇಳಿದು ಬರುತ್ತಿದ್ದ. ಹದಿನಾರು ವರ್ಷದಲ್ಲಿ ಒಂದು ಸಲವೂ ಯಾವ ಹಡಗಿನಲ್ಲೂ ಪ್ರಯಾಣ ಮಾಡಿರಲಿಲ್ಲ. ಎರಡು ವರ್ಷದ ಹಿಂದೆ ವಿಚ್ಛೇದನ ಆಗಿ, ಮಗಳು ಎಲ್ಸ್‌ಪೆತ್ ತಾಯಿಯ ಜೊತೆ ನ್ಯೂಯಾರ್ಕಿನ ಬ್ರೂಕ್ಲಿನ್ನಿಗೆ ಹೋಗಿದ್ದಳು. ಒಂಬತ್ತು ವರ್ಷದ ಹುಡುಗಿ. ನಾಯಿ ಅವಳದು. ಅಲ್ಲಿನ ಒಂದು ಪಿಯಾನೊ ಕಾರ್ಖಾನೆಯಲ್ಲಿ ಅವನಿಗೂ ಕೆಲಸ ಸಿಕ್ಕಿತ್ತು.

"ವಿಮಾನದವರು ಈ ಮೂತಿ ನೋಡಿದ್ರೆ ಹತ್ತಿಸ್ಕೊಳ್ಳಲ್ಲ, ಚಪ್ಪಟೆ ಮೂತಿ ನಾಯಿಗಳು ದಾರೀಲೇ ಸಾಯ್ತವಂತೆ. ನಾಯೀನ ಕರ್ಕೊಂಡೇ ಬರ್ತೀನಿ ಅಂತ ಮಗೂಗೆ ಮಾತು ಕೊಟ್ಟಿದ್ದೀನಿ. ಬರಿಗೈಲಿ ಹೋಗಿ ಇಳಿದ್ರೆ ಅವಳು ಮೊದಲು ನೋಡೋದು ನನ್ನ ಕಾಲ ಹತ್ರ. ಆಮೇಲೆ ನನ್ನ ಮುಖ."

"ಯಾರಾದ್ರೂ ಬೇಡ ಅಂದ್ರೆ ಮಧ್ಯದಲ್ಲೇ ಗೂಡು ಖಾಲಿಯಾಗುತ್ತೆ," ಅಂದಳು ರೊವೀನಾ. "ಕಂಪನಿಯವರು ನಮಗೆ ಮೇಲ್ ಕಳಿಸ್ತಾರೆ. ಒಂದು ದಿನದೊಳಗೆ ಹ್ಞೂಂ ಅನ್ನಬೇಕು, ಇಲ್ದಿದ್ರೆ ಮುಂದಿನವರ ಪಾಲು."

"ಮೇಲ್ ನಿಮಗೆ ಬರುತ್ತಾ? ನನಗಲ್ವಾ?"

"ನನಗೆ. ಬಂದ ತಕ್ಷಣ ಫೋನ್ ಮಾಡ್ತೀನಿ."

"ತಕ್ಷಣ?"

"ತಕ್ಷಣ."

ಅವನು ಅವಳ ಕಣ್ಣಿನಲ್ಲೇ ಕಣ್ಣಿಟ್ಟು ನೋಡಿದ. ಶ್ರುತಿ ಮಾಡುವವರು ತಂತಿಯೊಂದನ್ನು ಮೀಟಿ ಕಿವಿಗೊಟ್ಟು ನಿಲ್ಲುತ್ತಾರಲ್ಲ, ಹಾಗೆ. ಸರಿಯಾಗಿದೆ ಅನ್ನಿಸಿರಬೇಕು. ತಲೆಯಾಡಿಸಿ ಹೊರಟ.

*

ಗುರುವಾರ ಗುರುವಾರ ಬರತೊಡಗಿದ. ಹತ್ತಿರದ ಚರ್ಚಿನಲ್ಲಿ ಕೆಲಸ ಇರುತ್ತೆ, ಹಾಗೇ ಬಂದೆ ಅನ್ನುತ್ತಿದ್ದ. ಒಂದು ಚರ್ಚಿನ ಒಂದು ಪಿಯಾನೊಗೆ ವಾರವಾರ ಏನು ಕೆಲಸ ಅಂತ ಪೌಲಿನ್ ಕೇಳಿದರೆ, "ತುಂಬಾ ಕೆಟ್ಟ ಪಿಯಾನೊ ಮೇಡಂ," ಅನ್ನುತ್ತಿದ್ದ. ಕಾಗದದ ಪೊಟ್ಟಣದಲ್ಲಿ ಒಣದ್ರಾಕ್ಷಿ ಬನ್ನು ತರುತ್ತಿದ್ದ, ಮೂರು. ಮೂರನೆಯದು ಪೌಲಿನ್ನಿನ ಬಾಯಿ ಮುಚ್ಚಿಸಲಿಕ್ಕೆ.

ಆದರೆ ಪೌಲಿನ್ನಿನ ಬಾಯಿ ಬನ್ನಿಗೆ ಮುಚ್ಚುವಂಥದ್ದಲ್ಲ. "ಏನೇ, ಬುಧವಾರ ಕಾಗೆ ಗೂಡು, ಗುರುವಾರ ಜಡೆ? ಯಾರಿಗೆ ಈ ಸಿಂಗಾರ, ನಾಯಿಗಾ?"

ಮೇಜಿನ ಮೇಲೆ ಹಡಗಿನ ನಕ್ಷೆ ಹರಡಿಕೊಂಡು ಇಬ್ಬರೂ ಕೂರುತ್ತಿದ್ದರು. ಪ್ರಯಾಣವೇ ನಿಕ್ಕಿಯಾಗಿರಲಿಲ್ಲ, ಕ್ಯಾಬಿನ್ ಮಾತ್ರ ವಾರಕ್ಕೊಂದು ಆರಿಸುತ್ತಿದ್ದರು.

"ಎಡಗಡೆ ತಗೊಳ್ಳಿ," ಅನ್ನುತ್ತಿದ್ದಳು. "ಪಶ್ಚಿಮಕ್ಕೆ ಹೋಗುವಾಗ ಬಿಸಿಲು ಎಡಗಡೆ. ಮಧ್ಯಭಾಗ, ಕೆಳಗಿನ ಡೆಕ್ಕು. ಅಲ್ಲಿ ಓಲಾಟ ಕಮ್ಮಿ."

"ಇಷ್ಟೆಲ್ಲ ಗೊತ್ತಲ್ಲ, ನೀವೆಷ್ಟು ಸಲ ದಾಟಿದ್ದೀರಿ?"

"ಒಂದ್ಸಲನೂ ಇಲ್ಲ."

"ಸುಳ್ಳು!"

"ಏಜೆಂಟರಿಗೆ ಅಂತ ಕರೆದು ಹಡಗಿನಲ್ಲಿ ಊಟ ಹಾಕ್ತಾರೆ. ಊಟ ಮಾಡಿ ಇಳಿದು ಬರೋದು."

ಅವನು ಜೋರಾಗಿ ನಕ್ಕ. "ಸರಿಹೋಯ್ತು. ನಾನು ತಂತಿ ಬಿಗಿದು ಇಳೀತೀನಿ, ನೀವು ಊಟ ಮಾಡಿ ಇಳೀತೀರಿ. ಊರಿಗೆಲ್ಲ ಸಮುದ್ರ ದಾಟಿಸೋರು ನಾವಿಬ್ಬರೂ ದಡದಲ್ಲೇ."

ನಾವಿಬ್ಬರೂ. ಆ ಒಂದು ಮಾತನ್ನು ರೊವೀನಾ ಮನೆಗೆ ಹೊತ್ತುಕೊಂಡು ಹೋದಳು, ಬಸ್ಸಿನಲ್ಲಿ ಯಾರಿಗೂ ತಾಗದಂತೆ ಮಡಿಲಲ್ಲಿಟ್ಟುಕೊಂಡು.

ಇನ್ನೊಂದು ವಾರ ಅವಳು ಗಡಿಯಾರದ ವಿಷಯ ಹೇಳಿದಳು. ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ದಿನಕ್ಕೊಂದು ಗಂಟೆಯಂತೆ ಐದು ದಿನ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ಐದು ದಿನಕ್ಕೂ ಇಪ್ಪತ್ತೈದು ಗಂಟೆ.

"ಅಂದ್ರೆ ಐದು ಗಂಟೆ ಪುಕ್ಕಟೆ?" ಅಂದ ಗ್ಯಾರೆತ್. "ಯಾರ ಲೆಕ್ಕಕ್ಕೂ ಇಲ್ಲದ ಐದು ಗಂಟೆ. ಅದರಲ್ಲಿ ಏನು ಮಾಡೋದು ರೊವೀನಾ?"

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳು ಬನ್ನಿನ ದ್ರಾಕ್ಷಿಯನ್ನು ಒಂದೊಂದಾಗಿ ಆರಿಸಿ ಕಾಗದದ ಮೇಲಿಟ್ಟಳು. ಹೊಳೆದ ಉತ್ತರ ಹೇಳುವಂಥದ್ದಾಗಿರಲಿಲ್ಲ. ಕಾಲ ಬಳಿ ಮಾಬೆಲ್ ಗೊರಕೆ ಹೊಡೆಯುತ್ತಿತ್ತು.

*

ಮೇ ತಿಂಗಳ ಒಂದು ಬುಧವಾರ, ಸಂಜೆ ಐದಕ್ಕೆ ಆ ಮೇಲ್ ಬಂತು.

ಜೂನ್ ಹದಿನಾಲ್ಕರ ಹಡಗಿನಲ್ಲಿ ಒಂದು ಗೂಡು ತೆರವಾಗಿದೆ. ನಾಯಿಯ ಹೆಸರು ಮಾಬೆಲ್. ನಾಳೆ ಸಂಜೆ ಐದರೊಳಗೆ ತಿಳಿಸಿ.

ಅವಳ ಕೈ ಫೋನಿಗೆ ಹೋಯಿತು. ಹೋಗಿ ಅಲ್ಲೇ ನಿಂತಿತು. ನಾಳೆ ಗುರುವಾರ ತಾನೆ, ಬಂದೇ ಬರುತ್ತಾನೆ, ಎದುರಿಗೇ ಹೇಳಿದರೆ ಆ ಮುಖ ನೋಡಬಹುದು ಅಂತ ತನಗೆ ತಾನೇ ಹೇಳಿಕೊಂಡಳು. ಅದು ನಿಜವೂ ಆಗಿತ್ತು, ಅರ್ಧ.

ಗುರುವಾರ ನಾಲ್ಕಕ್ಕೆ ಬಂದ. ಪೌಲಿನ್ ದಂತವೈದ್ಯರ ಹತ್ತಿರ ಹೋಗಿದ್ದಳು. ಅಂಗಡಿಯಲ್ಲಿ ಇಬ್ಬರೇ. ಅವನು ಕಿಟಕಿಯಲ್ಲಿ ಬಿದ್ದ ಬಿಸಿಲಿಗೆ ಬೆನ್ನು ಕೊಟ್ಟು ಕೂತ.

"ಈ ವಾರ ಪೋರ್ಟ್ಸ್‌ಮತ್‌ನಲ್ಲಿ ಒಳ್ಳೇ ಕೆಲಸ ಬಂದಿತ್ತು. ಗುರುವಾರ ಬರ್ಬೇಕು ಅಂದ್ರು. ಆಗಲ್ಲ ಅಂದೆ."

"ಯಾಕೆ?"

"ಯಾಕೆ ಅಂದ್ರೆ?" ಅವನು ನಕ್ಷೆಯ ಮೇಲಿದ್ದ ಅವಳ ಬೆರಳನ್ನೇ ನೋಡುತ್ತಿದ್ದ. "ಗುರುವಾರ ಇಲ್ಲದ ವಾರ ಹೇಗಿರುತ್ತೆ ಅಂತ ಯೋಚನೆ ಮಾಡಿದೆ. ಚೆನ್ನಾಗಿರಲ್ಲ ಅನ್ನಿಸ್ತು."

ಗೋಡೆ ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಯಾರೂ ಅವಳಿಗಾಗಿ ಒಂದು ದಿನವನ್ನು ತೆಗೆದಿಟ್ಟಿರಲಿಲ್ಲ. ಹೇಳು, ಈಗ ಹೇಳು ಅಂದುಕೊಂಡಳು. ಹೇಳಿದರೆ ಇನ್ನು ಮೂರೇ ಮೂರು ಗುರುವಾರ.

"ಮೇಲ್ ಏನಾದ್ರೂ ಬಂತಾ?" ಹೊರಡುವಾಗ ಕೇಳಿದ, ಯಾವಾಗಲೂ ಕೇಳುವಂತೆ.

"ಇಲ್ಲ," ಅಂದಳು.

ಅವನು ಮಾಬೆಲ್ಲನ್ನು ಎತ್ತಿಕೊಂಡು ರಸ್ತೆ ದಾಟುವುದನ್ನು ನೋಡಿದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಒಂದು ಸಾಲು ಬರೆದಳು. "ಪ್ರಯಾಣಿಕರು ಈಗ ಹೊರಡುವಂತಿಲ್ಲ. ಪಟ್ಟಿಯಲ್ಲಿ ಹೆಸರು ಹಾಗೇ ಇರಲಿ."

ಇನ್ನೊಂದು ಜಾಗ ಬಂದೇ ಬರುತ್ತೆ, ಆಗ ಕಳಿಸಿದರಾಯಿತು ಅಂದುಕೊಂಡಳು. ಒಂದು ಬೇಸಿಗೆ ಮಾತ್ರ. ಒಂದು ಬೇಸಿಗೆಯನ್ನು ಕದ್ದರೆ ಯಾರ ಗಂಟು ಹೋಗುತ್ತೆ?

*

ಆಗಸ್ಟಿನಲ್ಲಿ ಒಂದು ವಾರ ಊರು ಕಾದ ಬಾಣಲಿಯಾಯಿತು. ಜನ ವೆಸ್ಟನ್ ದಂಡೆಯಲ್ಲಿ ಅಂಗಿ ಬಿಚ್ಚಿ ಬಿದ್ದುಕೊಂಡರು, ಅಂಗಡಿಗಳಲ್ಲಿ ಫ್ಯಾನು ಸಿಗಲಿಲ್ಲ. ಮಂಗಳವಾರ ಮಧ್ಯಾಹ್ನ ಫೋನ್ ಬಂತು.

"ಮಾಬೆಲ್ ಹೋದಳು," ಅಂದ. ಅಷ್ಟೇ.

ಅವಳು ಮೊದಲ ಸಲ ಅವನ ಮನೆಗೆ ಹೋದಳು. ಅಡುಗೆಮನೆಯ ನೆಲದ ಮೇಲೆ ಒದ್ದೆ ಟವೆಲುಗಳು ಬಿದ್ದಿದ್ದವು. ನೀರಿನ ಬಟ್ಟಲಿನಲ್ಲಿ ಕರಗಿದ ಐಸು. ಅವನು ಮಗಳಿಗೆ ಫೋನ್ ಮಾಡುತ್ತಿದ್ದ; ಬಾ ಅಂತ ಕೈಸನ್ನೆ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡ. ಒಬ್ಬನೇ ಹೇಳಲಾರದ ಮಾತು ಅದು.

ಆ ಕಡೆಯಿಂದ ಪುಟ್ಟ ದನಿಯೊಂದು, ಅಳುವಿಲ್ಲದೆ, ಅರ್ಥವಾಗದ ಲೆಕ್ಕವೊಂದನ್ನು ಕೇಳುವಂತೆ ಕೇಳಿತು.

"ಡ್ಯಾಡಿ, ಹಡಗಿನವರು ಯಾಕೆ ಅಷ್ಟು ಲೇಟ್ ಮಾಡಿದ್ರು?"

"ಅವರದ್ದೇನೂ ತಪ್ಪಿಲ್ಲ ಪುಟ್ಟಿ," ಅಂದ ಗ್ಯಾರೆತ್. "ಜಾಗವೇ ಬರ್ಲಿಲ್ಲ."

ರೊವೀನಾ ಎದ್ದು ಟವೆಲುಗಳನ್ನು ಹಿಂಡಿ ಒಣಹಾಕಿದಳು. ಒಂದಾದ ಮೇಲೆ ಒಂದು, ಎಂಟು ಟವೆಲು. ಬೆನ್ನ ಹಿಂದೆ ಬಂದು ನಿಂತ ಅವನು ಅವಳ ಹೆಗಲ ಮೇಲೆ ಹಣೆಯಿಟ್ಟು ಅತ್ತ. ಅವನ ಕಣ್ಣೀರು ಕುಪ್ಪಸದ ಒಳಗಿಳಿಯಿತು. ಆ ಗಳಿಗೆಯಲ್ಲಿ, ಅವಳಿಗೇ ಅಸಹ್ಯ ಹುಟ್ಟುವಂತೆ, ಎದೆಯ ಮೂಲೆಯಲ್ಲಿ ಒಂದು ಹಕ್ಕಿ ರೆಕ್ಕೆ ಬಡಿಯಿತು. ಇನ್ನು ಇವನು ಹೋಗಲಿಕ್ಕಿಲ್ಲ.

*

ಆಮೇಲಿನ ನಾಲ್ಕು ವಾರ ಅವಳ ಬದುಕಿನ ಬೆಲ್ಲದ ಅಚ್ಚು.

ಎದುರು ದಡದ ಹೈದ್‌ಗೆ ಹೋಗುವ ದೋಣಿಯಲ್ಲಿ ಕೂತು ಹೋಗುತ್ತಿದ್ದರು, ಅಲ್ಲಿ ಇಳಿಯದೆ ಅದೇ ದೋಣಿಯಲ್ಲಿ ವಾಪಸು ಬರುತ್ತಿದ್ದರು. ಕಟ್ಟೆಯ ಮೇಲೆ ಕಾಗದ ಬಿಚ್ಚಿ ಮೀನು-ಚಿಪ್ಸ್ ತಿಂದು, ಸೀಗಲ್ ಹಕ್ಕಿಗಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ನೀವು ಹೋಗಿ ನೀನು ಬಂತು. ಯಾವತ್ತು ಬಂತು ಅಂತ ಇಬ್ಬರಿಗೂ ನೆನಪಿಲ್ಲ.

"ನಿನ್ನ ಕೆನ್ನೆ ಈ ಪಾಟಿ ಕೆಂಪಾಗುತ್ತಲ್ಲ, ನೋವಾಗಲ್ವಾ?"

"ಸುಮ್ನಿರು."

"ಇಲ್ಲ, ನಿಜವಾಗ್ಲೂ ಕೇಳ್ತಿದ್ದೀನಿ. ಮುಟ್ಟಿದ್ರೆ ಬಿಸಿ ಇರುತ್ತಾ?" ಮುಟ್ಟಿ ನೋಡಿದ. ಕೈ ಅಲ್ಲೇ ಉಳಿಯಿತು. ದೋಣಿಯ ಟಿಕೆಟ್ಟಿನವನು ಕೆಮ್ಮಿ ಆಚೆ ನೋಡಿದ. ಅವಳ ಮೊದಲ ಮುತ್ತಿಗೆ ಉಪ್ಪು ಮತ್ತು ವಿನೆಗರಿನ ರುಚಿಯಿತ್ತು.

ಹೇಳಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದಳು. ದಿನಾ ಮಾರನೆಯ ದಿನಕ್ಕೆ ದೂಡುತ್ತಿದ್ದಳು.

ಸೆಪ್ಟೆಂಬರಿನ ಎರಡನೆಯ ವಾರ ಅವನಿಗೆ ಆ ಹಡಗಿನಲ್ಲೇ ಕೆಲಸ ಬಿತ್ತು, ನಾಯಿಗೂಡುಗಳಿದ್ದ ಆ ಹಡಗು. ನೃತ್ಯಶಾಲೆಯ ದೊಡ್ಡ ಪಿಯಾನೊ. ಮಾರನೆಯ ದಿನ, ಗುರುವಾರ, ಎಂದಿನಂತೆ ಬನ್ನು ಹಿಡಿದು ಬಂದ. ಸ್ವಲ್ಪ ಬಿಳಿಚಿಕೊಂಡಿದ್ದ. ರಾತ್ರಿ ನಿದ್ದೆ ಬರಲಿಲ್ಲ ಅಂದ.

"ರೊವೀನಾ, ಒಂದು ಕೇಳ್ಲಾ? ಮಾಬೆಲ್‌ಗೆ ಜಾಗ ಒಂದ್ಸಲನೂ ಬರ್ಲಿಲ್ಲ, ಅಲ್ವಾ?"

ಅವಳ ಕೈಯಲ್ಲಿದ್ದ ಪೆನ್ನು ಜಾರಿತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಮುಖ ಸಿದ್ಧವಾಗಿತ್ತು. "ಇಲ್ಲ."

"ಹ್ಞೂಂ," ಅಂದ ಅವನು. ಬನ್ನನ್ನು ಅರ್ಧ ಮಾಡಿ, ದೊಡ್ಡ ಅರ್ಧವನ್ನು ಅವಳ ಕಡೆ ಸರಿಸಿದ. "ಸರಿ ಹಾಗಾದ್ರೆ. ಬರಿ. ಡಿಸೆಂಬರಿನ ಹಡಗು. ಎಡಗಡೆ, ಮಧ್ಯಭಾಗ, ಕೆಳಗಿನ ಡೆಕ್ಕು. ಮಗಳು ಕಾಯ್ತಿದ್ದಾಳೆ, ಕೆಲಸವೂ ಕಾಯ್ತಿದೆ. ಇಬ್ಬರಿಗೆ ಬರಿ."

ಪೌಲಿನ್ನಿನ ಟೈಪಿಂಗು ನಿಂತುಹೋಯಿತು.

"ಎರಡನೇ ಹೆಸರು?" ರೊವೀನಾಳ ದನಿ ಎಲ್ಲೋ ಬಾವಿಯೊಳಗಿಂದ ಬಂತು.

"ಅದನ್ನ ಆಮೇಲೆ ಹೇಳ್ತೀನಿ. ಎಲ್ಲೀವರೆಗೆ ಟೈಮ್ ಇದೆ?"

"ನವೆಂಬರ್ ಕೊನೇ ಗುರುವಾರ."

"ಹಾಗಾದ್ರೆ ನವೆಂಬರ್ ಕೊನೇ ಗುರುವಾರ." ಕಣ್ಣು ಅವಳ ಮೇಲೆ ಇತ್ತು. ನಕ್ಕ. ಆ ನಗುವಿನಲ್ಲಿ ಯಾವುದೋ ಒಂದು ತಂತಿ ಸ್ವಲ್ಪ ಸಡಿಲವಾಗಿತ್ತು. ಆದರೆ ಅದನ್ನು ಕೇಳಿಸಿಕೊಳ್ಳುವ ಕಿವಿ ಆವತ್ತು ಅವಳಿಗಿರಲಿಲ್ಲ.

ಎರಡನೆಯ ಹೆಸರಿನ ಜಾಗದಲ್ಲಿ "ತಿಳಿಸಬೇಕಿದೆ" ಅಂತ ಬರೆದಳು. ಕ್ಯಾಬಿನ್ ತೆಗೆದುಕೊಳ್ಳುವವರು ಹಾಗೆ ಬರೆಸುವುದು ಹೊಸದೇನಲ್ಲ. ಫಾರಂ ಇನ್ನೂ ಮುಗಿದಿರಲಿಲ್ಲ.

"ಇನ್ನೊಂದು ಕೇಳ್ಬೇಕು. ಮಂಚ..." ಅವಳು ಪರದೆಯನ್ನೇ ನೋಡಿದಳು. "ಎರಡು ಮಂಚ ಸೇರಿಸಿ ಹಾಕ್ಬೇಕಾ, ಬೇರೆ ಬೇರೆ ಹಾಕ್ಬೇಕಾ?"

"ನೀನೇ ಹೇಳು."

"ನಾನು ಹೆಂಗೆ ಹೇಳ್ಲಿ! ಗಿರಾಕಿ ನೀನು."

"ಏಜೆಂಟು ನೀನು. ನಿನ್ನ ಸಲಹೆ ಏನು?"

"ಸೇರಿಸ್ರೋ ಸೇರಿಸಿ, ನಂಗೆ ಅಂಗಡಿ ಬಾಗಿಲು ಹಾಕ್ಬೇಕು!" ಅಂತ ಪೌಲಿನ್ ಕಿರುಚಿದಳು.

ರೊವೀನಾ ಸೇರಿಸಿ ಅಂತಲೇ ಬರೆದಳು.

*

ಅಕ್ಟೋಬರಿನಲ್ಲಿ ಅವಳು ಪಾಸ್‌ಪೋರ್ಟ್ ಮಾಡಿಸಿದಳು. ಹಡಗಿನ ಔತಣದ ಸಂಜೆಗೆ ಅಂತ ಕಡುಹಸಿರು ರೇಷ್ಮೆಯ ಉದ್ದ ಗೌನು ಕೊಂಡು, ಯಾರಿಗೂ ತೋರಿಸದೆ ಬೀರುವಿನಲ್ಲಿ ಇಟ್ಟಳು. ದಿನಕ್ಕೊಮ್ಮೆ ಬಾಗಿಲು ತೆಗೆದು ತೋಳನ್ನಷ್ಟೇ ಮುಟ್ಟಿ ನೋಡುತ್ತಿದ್ದಳು.

ಊಟದ ಮನೆಯಲ್ಲಿ ಇಬ್ಬರೇ ಕೂರುವ ಮೇಜು, ಕಿಟಕಿ ಪಕ್ಕ. ಅದನ್ನೂ ಅವನೇ ಹೇಳಿ ಬರೆಸಿದ. ನೃತ್ಯದ ಪಾಠ ಬೇಕಾ ಅಂದರೆ ಬೇಕು ಅಂದ. "ನಿನಗೆ ಬರುತ್ತಾ?" ಅಂದರೆ "ಕಾಲು ತುಳಿಯೋಕೆ ಬರುತ್ತೆ," ಅಂದ. ಹಿಂದೆಂದಿಗಿಂತ ಹೆಚ್ಚು ಚೇಷ್ಟೆ ಮಾಡುತ್ತಿದ್ದ, ಹೆಚ್ಚು ಹೊತ್ತು ನೋಡುತ್ತಿದ್ದ. ಮುತ್ತು ಮಾತ್ರ ಕೆನ್ನೆಗೆ ಬಂದು ನಿಂತಿತ್ತು. ಹಡಗಿಗೆ ಉಳಿಸಿಕೊಳ್ಳುತ್ತಿದ್ದಾನೆ ಅಂದುಕೊಂಡಳು.

ಅಕ್ಟೋಬರಿನಲ್ಲಿ ಒಂದು ಸಂಜೆ, ಕಟ್ಟೆಯ ಮೇಲೆ, ಮತ್ತೆ ಕೇಳಿದ. "ಒಂದೇ ಒಂದು ಸಲ ಜಾಗ ಬಂದಿದ್ರೆ, ಇಷ್ಟೊತ್ತಿಗೆ ಅವಳು ಬ್ರೂಕ್ಲಿನ್ನಿನ ಸೋಫಾ ಮೇಲೆ ಗೊರಕೆ ಹೊಡೀತಿದ್ಳು. ಅಲ್ವಾ?"

ಗಾಳಿ ಜೋರಾಗಿತ್ತು. ಹೇಳುವುದಿದ್ದರೆ ಅದೇ ಹೊತ್ತು. ಅವನು ಕಾಯುತ್ತಿದ್ದ; ಚಿಪ್ಸು ತಣ್ಣಗಾಗುವವರೆಗೂ ಕಾದ.

"ಬರ್ಲೇ ಇಲ್ವಲ್ಲ," ಅಂದಳು ರೊವೀನಾ. "ಏನ್ಮಾಡೋದು."

ಆವತ್ತು ಮನೆಗೆ ಬಂದು ಒಂದು ತೀರ್ಮಾನ ಮಾಡಿದಳು. ಹಡಗಿನಲ್ಲಿ ಹೇಳುತ್ತೇನೆ. ನಡುನೀರಿನಲ್ಲಿ, ಮೂರನೆಯ ದಿನ, ಎರಡು ದಡವೂ ಅಷ್ಟೇ ದೂರ ಇರುವಾಗ. ಅಲ್ಲಿಂದ ಎದ್ದು ಹೋಗಲು ಅವನಿಗೆ ಜಾಗವಿರುವುದಿಲ್ಲ. ಪುಕ್ಕಟೆ ಬರುವ ಐದು ಗಂಟೆಯಲ್ಲಿ ಒಂದು ಅದಕ್ಕೆ. ಉಳಿದ ನಾಲ್ಕರಲ್ಲಿ ಕ್ಷಮಿಸುತ್ತಾನೆ.

*

ನವೆಂಬರ್ ಕೊನೆಯ ಗುರುವಾರ ಅವಳು ಜಡೆ ಹಾಕಿಕೊಂಡು ಬಂದಳು. ಮೇಜಿನ ಡ್ರಾಯರಿನಲ್ಲಿ ಹೊಸ ಪಾಸ್‌ಪೋರ್ಟ್ ಇತ್ತು. ಪೌಲಿನ್ ಎಲ್ಲ ತಿಳಿದವಳಂತೆ, "ನಾನು ಅಂಚೆ ಕಚೇರಿಗೆ ಹೋಗ್ಬರ್ತೀನಿ, ತಡ ಆಗುತ್ತೆ," ಅಂದಳು. ಬಾಗಿಲಲ್ಲಿ ತಿರುಗಿ, "ನ್ಯೂಯಾರ್ಕಿಂದ ನಂಗೊಂದು ಕಾರ್ಡು ಹಾಕೇ, ಪುಣ್ಯಾತ್ಗಿತ್ತಿ," ಅಂದು ಮೂಗೊರೆಸಿಕೊಂಡಳು.

ನಾಲ್ಕಕ್ಕೆ ಗ್ಯಾರೆತ್ ಬಂದ. ಕೈಯಲ್ಲಿ ಬನ್ನಿರಲಿಲ್ಲ. ಕೆಲಸದ ಚೀಲದಿಂದ ಪುಟ್ಟ ಮರದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ.

ಉಂಗುರಕ್ಕೆ ಅದು ದೊಡ್ಡದಾಯಿತು. ರೊವೀನಾ ನಕ್ಕಳು, ನಗು ಅರ್ಧದಲ್ಲಿ ನಿಂತಿತು. ಮುಚ್ಚಳದ ಮೇಲೆ ಪಶುವೈದ್ಯರ ಚೀಟಿ ಅಂಟಿಸಿತ್ತು: ಮಾಬೆಲ್, ಚಿತಾಭಸ್ಮ.

"ಕೊನೇ ಸಲ ಕೇಳ್ತೀನಿ," ಅಂದ. ದನಿ ಮೆತ್ತಗಿತ್ತು. "ಮಾಬೆಲ್‌ಗೆ ಜಾಗ ಒಂದ್ಸಲನೂ ಬರ್ಲಿಲ್ವಾ?"

ಗೋಡೆ ಗಡಿಯಾರ ಟಿಕ್ಕೆನ್ನುತ್ತಿತ್ತು. ನಡುನೀರು, ಮೂರನೆಯ ದಿನ ಅಂತ ಅವಳು ಒಳಗೇ ಹಿಡಿದುಕೊಂಡಳು. ಹಡಗು ಹೊರಡಲು ಇನ್ನು ಹದಿನೇಳು ದಿನ ಅಷ್ಟೆ.

"ಇಲ್ಲ ಗ್ಯಾರೆತ್."

ಅವನು ಕಣ್ಣು ಮುಚ್ಚಿ ತೆರೆದ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಕೂತ, ಮೊದಲ ದಿನ ಕೂತಿದ್ದಷ್ಟು ದೂರ.

"ಬರ್ಕೊಳ್ಳಿ ಮಿಸ್ ಟಿಲ್. ಎರಡನೇ ಹೆಸರು ಮಾಬೆಲ್ ಪ್ರೋಸರ್."

ಅವಳು ಕೀಲಿಮಣೆಯಿಂದ ಕೈ ತೆಗೆದಳು.

"ಸೆಪ್ಟೆಂಬರಿನಲ್ಲಿ ಹಡಗಿನ ಪಿಯಾನೊ ಮಾಡ್ತಿದ್ದೆ. ನಾಯಿಗಳನ್ನ ನೋಡ್ಕೊಳ್ಳೋ ಮನುಷ್ಯ ಟೀ ತಂದ. ನನ್ನ ಹೆಸರು ಕೇಳಿ, ಓ, ನೀವು ಮಾಬೆಲ್ ಕಡೆಯವರಲ್ವಾ, ಜೂನ್ ಪ್ರಯಾಣಕ್ಕೆ ಅಂತ ಗೂಡಿನ ಪಟ್ಟಿಯಲ್ಲಿ ಹೆಸರು ಕೂಡ ಬರೆದಿದ್ದೆ, ಕೊನೇ ಗಳಿಗೇಲಿ ನೀವೇ ಬೇಡ ಅಂದ್ರಂತಲ್ಲ ಅಂದ. ಬೇಡ ಅಂದಿದ್ದು ಯಾರು ಅಂತ ನನಗೆ ಗೊತ್ತಾಗೋಕೆ ಒಂದು ಗುಟುಕು ಟೀ ಕುಡಿಯೋಷ್ಟೂ ಹೊತ್ತು ಬೇಕಾಗ್ಲಿಲ್ಲ."

"ಗೊತ್ತಿತ್ತು ನಿನಗೆ," ಅಂದಳು. "ಗೊತ್ತಿದ್ದೂ... ಕ್ಯಾಬಿನ್, ಮಂಚ, ಮೇಜು..."

"ಹೌದು. ಎಲ್ಲ ಬರೆಸಿದೆ. ಒಳ್ಳೇ ಕೆಲಸ ಅಲ್ಲ ಅಂತಲೂ ಗೊತ್ತಿತ್ತು." ಅವನು ಪೆಟ್ಟಿಗೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ಮೊದಮೊದಲು ನಿಮ್ಮನ್ನ ನೋಯಿಸ್ಬೇಕು ಅಂತಲೇ ಬರೆಸಿದೆ. ಆಮೇಲೆ, ನೋಡಿ, ಹುಚ್ಚು. ಈ ವಾರ ಹೇಳ್ತಾಳೆ, ಮುಂದಿನ ವಾರ ಹೇಳ್ತಾಳೆ ಅಂತ ಕಾಯೋಕೆ ಶುರು ಮಾಡಿದೆ. ಹೇಳಿದ್ದಿದ್ರೆ ನಾನು ಕೂಗಾಡ್ತಿದ್ದೆ. ಒಂದು ತಿಂಗಳು ಮುಖ ನೋಡ್ತಿರ್ಲಿಲ್ಲ. ಆದ್ರೂ ಆ ಜಾಗದಲ್ಲಿ ನಿಮ್ಮ ಹೆಸರೇ ಬರೆಸ್ತಿದ್ದೆ. ಮೂರು ಸಲ ಕೇಳಿದೆ."

"ನಾನು ಹಡಗಿನಲ್ಲಿ ಹೇಳ್ಬೇಕು ಅಂತಿದ್ದೆ," ಅಂದಳು ರೊವೀನಾ. ಈಗ ಕಣ್ಣೀರು ಗಲ್ಲದಿಂದ ಫಾರಮ್ಮಿನ ಮೇಲೆ ಬೀಳುತ್ತಿತ್ತು. "ನಡುನೀರಲ್ಲಿ. ನೀನು ಎದ್ದು ಹೋಗೋಕೆ ಆಗದ ಕಡೆ. ನೀನು ಇಲ್ದಿದ್ರೆ ನಂಗೆ ವಾರದಲ್ಲಿ ಒಂದು ದಿನವೂ ಇಲ್ಲ ಗ್ಯಾರೆತ್. ಅದಕ್ಕೇ ಬೇಡ ಅಂತ ಬರೆದೆ. ಒಂದೇ ಸಾಲು. ನಾನೇ ಬರೆದೆ. ನಾನೇ ಕೊಂದೆ ಅವಳನ್ನ."

ಕೊನೆಗೂ ಹೇಳಿಬಿಟ್ಟಿದ್ದಳು. ಒಂದು ನಿಮಿಷದ ಹಿಂದೆ ಆ ಮಾತಿಗೊಂದು ಬೆಲೆಯಿತ್ತು.

ಅವನ ಕೈ ಮೇಜಿನ ಮೇಲೆ ಅವಳ ಕೈಯತ್ತ ಅರ್ಧ ದಾರಿ ಬಂತು. ಪೆಟ್ಟಿಗೆ ಅಡ್ಡ ಇತ್ತು. ಕೈ ಅದರ ಮೇಲೆ ನಿಂತಿತು.

"ಎಲ್ಸ್‌ಪೆತ್‌ಗೆ ಯಾರ ಹೆಸರೂ ಹೇಳಿಲ್ಲ. ಹೇಳೋದೂ ಇಲ್ಲ," ಅಂದ. "ಹೆಸರು ಹಾಕಿ. ಆಮೇಲೆ ಆ ಮಂಚ ಬೇರೆ ಬೇರೆ ಮಾಡಿ."

"ನಾಯಿಗೆ ಪಾಸ್‌ಪೋರ್ಟ್ ನಂಬರ್ ಕೇಳುತ್ತೆ ಫಾರಂ," ಅಂದಳು. ಅವಳಿಗೆ ಬರುವ ಭಾಷೆ ಅದೊಂದೇ ಆಗಿತ್ತು.

"ಖಾಲಿ ಬಿಡಿ. ಹತ್ತುವ ದಿನ ಎರಡನೆಯವರು ಬರ್ಲಿಲ್ಲ ಅಂತ ಅವರೇ ಬರ್ಕೋತಾರೆ."

ಅವಳು ಬರೆದಳು. ಜನವರಿಯಲ್ಲಿ ಬರೆದ ಅದೇ ಅಕ್ಷರಗಳು. ಈ ಸಲ ಅಳಿಸುವ ಹಾಗಿರಲಿಲ್ಲ. ಮುದ್ರಿಸಿದ ಕಾಗದ ಬೆಚ್ಚಗೆ ಬಂತು. ಮಡಿಸಿ ಲಕೋಟೆಗೆ ಹಾಕಿ ಕೊಟ್ಟಳು. ಅವನು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ, ಮೆಟ್ಟಿಲು ಹತ್ತಲಾರದ ಮುದಿ ನಾಯಿಯನ್ನು ಎತ್ತಿಕೊಳ್ಳುತ್ತಿದ್ದ ಹಾಗೆ. ಬಾಗಿಲಲ್ಲಿ ನಿಂತ.

"ಆ ಗುರುವಾರಗಳಲ್ಲಿ ಸುಳ್ಳಿರ್ಲಿಲ್ಲ," ಅಂದ. "ಅದೇ ಕಷ್ಟ ಆಗಿರೋದು."

*

ಡಿಸೆಂಬರ್ ಹದಿನಾಲ್ಕರ ಸಂಜೆ ಹಡಗು ಹೊರಡುವುದಿತ್ತು. ಅದಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ, ರೊವೀನಾ ಒಬ್ಬಳೇ ಅಂಗಡಿಯ ಬಾಗಿಲು ತೆರೆದು ಕಂಪ್ಯೂಟರ್ ಹಾಕಿದಳು. ಹಡಗಿನ ಕಂಪನಿಯ ಮೇಲ್ ಒಂದು ಕಣ್ಣೆದುರೇ ಬಂದು ಬಿತ್ತು.

ಡಿಸೆಂಬರ್ ಹದಿನಾಲ್ಕರ ಹಡಗಿನಲ್ಲಿ ಕೊನೆಯ ಗಳಿಗೆಯಲ್ಲಿ ಒಂದು ನಾಯಿಗೂಡು ತೆರವಾಗಿದೆ. ಪಟ್ಟಿಯಲ್ಲಿರುವ ಮುಂದಿನ ಹೆಸರು ಮಾಬೆಲ್. ಒಂದು ದಿನದೊಳಗೆ ತಿಳಿಸಿ.

ಪಟ್ಟಿಯಿಂದ ಹೆಸರು ತೆಗೆಸುವುದನ್ನು ಅವಳು ಮರೆತಿದ್ದಳು. ಹೆಸರು ಹಾಗೇ ಇರಲಿ ಅಂತ ಮೇ ತಿಂಗಳಲ್ಲಿ ಬರೆದವಳೂ ಅವಳೇ. ಅಲ್ಲಿ ಎಲ್ಲೋ ಒಂದು ಯಂತ್ರ ಅವಳ ಮಾತನ್ನು ಪ್ರಾಮಾಣಿಕವಾಗಿ ನಡೆಸಿಕೊಂಡು ಬಂದಿತ್ತು.

ತಕ್ಷಣ ಫೋನ್ ಮಾಡ್ತೀನಿ ಅಂದಿದ್ದಳು. ಕೈ ಫೋನಿಗೆ ಹೋಯಿತು. ಅವನ ದನಿಯನ್ನು ಇನ್ನೊಂದೇ ಒಂದು ಸಲ ಕೇಳಲು ಇಷ್ಟು ಒಳ್ಳೆಯ ನೆಪ ಇನ್ನೆಂದೂ ಸಿಗದು. ಮಾಬೆಲ್‌ಗೆ ಜಾಗ ಬಂದಿದೆ ಅಂತ ಹೇಳಿದರೆ, ಆ ಕಡೆ ಅವನು ಏನೂ ಅನ್ನದೆ ಉಸಿರಾಡುವುದಾದರೂ ಕೇಳಿಸೀತು.

ಫೋನನ್ನು ಅಲ್ಲೇ ಬಿಟ್ಟಳು. ಬೆರಳುಗಳನ್ನು ಒಂದು ಸಲ ಮಡಿಸಿ ಬಿಚ್ಚಿ, ಬರೆದಳು.

"ಮಾಬೆಲ್ ಪ್ರೋಸರ್‌ಗೆ ಆಗಲೇ ಜಾಗ ಆಗಿದೆ. ಎಡಗಡೆ, ಬಿಸಿಲು ಬೀಳುವ ಕಡೆ. ಪಟ್ಟಿಯಿಂದ ಹೆಸರು ತೆಗೆಯಿರಿ. ಮುಂದೆ ಕಾಯುತ್ತಿರುವವರಿಗೆ ದಯವಿಟ್ಟು ಈಗಲೇ ತಿಳಿಸಿ."

ಮೇಲ್ ಬಂದು ಇನ್ನೂ ಎರಡು ನಿಮಿಷವೂ ಆಗಿರಲಿಲ್ಲ.